ಟ್ರ್ಯಾಕುಗಳಿಲ್ಲದ ಟೈಮ್‌ಲೈನ್

2011ರ ಏಪ್ರಿಲ್ 12ರ ಸಂಜೆ ಲಾಸ್ ವೇಗಸ್‌ನ ಬ್ಯಾಲೀಸ್ ಹೋಟೆಲಿನ ಸಭಾಂಗಣ ತುಂಬಿತ್ತು. ಪ್ರಸಾರ ಉದ್ಯಮದ ವಾರ್ಷಿಕ ಮೇಳಕ್ಕೆ ಬರುವ ವಿಡಿಯೋ ಎಡಿಟರುಗಳು ಒಂದು ಸಂಜೆ ಒಟ್ಟಿಗೆ ಸೇರುವ ಕೂಟ ಅದು. ಆ ವರ್ಷ ಆಪಲ್ ಕಂಪನಿ ಇಡೀ ಸಂಜೆಯನ್ನು ತನಗೇ ಕೇಳಿ ಪಡೆದುಕೊಂಡಿತ್ತು. ಮೊದಲೇ ಗೊತ್ತುಮಾಡಿದ್ದ ಬೇರೆ ಕಂಪನಿಗಳು ಜಾಗ ಬಿಟ್ಟುಕೊಡಬೇಕಾಯಿತು. ವೇದಿಕೆಯ ಮೇಲೆ ಫೈನಲ್ ಕಟ್ ಪ್ರೊದ ಹೊಸ ಅವತಾರವನ್ನು ತೋರಿಸಲಾಯಿತು. ಒಂದೊಂದು ಸೌಲಭ್ಯ ಕಂಡಾಗಲೂ ಚಪ್ಪಾಳೆ, ಶಿಳ್ಳೆ. ಬೆಲೆ 299 ಡಾಲರ್ ಎಂದಾಗ ಇನ್ನೂ ದೊಡ್ಡ ಗದ್ದಲ. ಅಲ್ಲಿಯವರೆಗೆ ಇದೇ ಸಾಫ್ಟ್‌ವೇರಿನ ಪೂರ್ತಿ ಕಂತೆ ಬೇಕೆಂದರೆ 999 ಡಾಲರ್ ತೆರಬೇಕಿತ್ತು.

ಜೂನ್ 21ರಂದು ಅದು ಮಾರಾಟಕ್ಕೆ ಬಂತು. ಚಪ್ಪಾಳೆ ತಟ್ಟಿದ ಸಮುದಾಯವೇ ವಾರದೊಳಗೆ ಸಹಿ ಸಂಗ್ರಹಕ್ಕೆ ಇಳಿದಿತ್ತು, ಹಣ ವಾಪಸ್ ಕೇಳುತ್ತಿತ್ತು.

ಈ ಸಿಟ್ಟು ಅರ್ಥವಾಗಬೇಕಾದರೆ ಹಿಂದಕ್ಕೆ ಹೋಗಬೇಕು. 1991ರಲ್ಲಿ ಅಡೋಬಿಯ ಪ್ರೀಮಿಯರ್ ಹೊರಬಂದಾಗ ಅದರ ಹಿಂದಿದ್ದ ಎಂಜಿನಿಯರ್ ರ್‍ಯಾಂಡಿ ಉಬಿಲ್ಲೋಸ್. ಆತ ಮುಂದೆ ಮ್ಯಾಕ್ರೋಮೀಡಿಯಾ ಸೇರಿ 'ಕೀಗ್ರಿಪ್' ಎಂಬ ಹೊಸ ಸಾಫ್ಟ್‌ವೇರ್ ಕಟ್ಟತೊಡಗಿದ. 1998ರಲ್ಲಿ ಆಪಲ್ ಅದನ್ನು ಕೊಂಡುಕೊಂಡಿತು. 1999ರ ಏಪ್ರಿಲ್‌ನಲ್ಲಿ ಅದೇ ಫೈನಲ್ ಕಟ್ ಪ್ರೊ ಆಗಿ ಬಂತು. ಆಗ ಸಿನಿಮಾ ಸಂಕಲನದ ದೊರೆ ಆವಿಡ್. ಆದರೆ ಅದರ ಒಂದು ಕೋಣೆ ಕಟ್ಟಲು ಸಾವಿರಾರು ಡಾಲರ್ ಬೇಕು. ಸಣ್ಣ ಸ್ಟುಡಿಯೋ, ಸಾಕ್ಷ್ಯಚಿತ್ರದವರು, ಮದುವೆ ವಿಡಿಯೋದವರು, ಫಿಲ್ಮ್ ಶಾಲೆಯ ಹುಡುಗರು, ಎಲ್ಲರೂ ಫೈನಲ್ ಕಟ್ ಕಡೆಗೆ ಹೊರಳಿದರು. ಭಾರತದಲ್ಲೂ ಹಾಗೆಯೇ ಆಯಿತು. ಒಂದು ಮ್ಯಾಕ್, ಎರಡು ಮಾನಿಟರ್, ಒಂದು ಏಸಿ ಇದ್ದರೆ ಅಂಧೇರಿಯಲ್ಲಿ ಎಡಿಟ್ ಸೂಟ್ ತಯಾರು.

ದೊಡ್ಡ ಸಿನಿಮಾಕ್ಕೆ ಅದು ಆಗುತ್ತದೆಯೇ ಎಂಬ ಅನುಮಾನ ಮಾತ್ರ ಉಳಿದಿತ್ತು. ಅದನ್ನು ಕಳೆದವನು ವಾಲ್ಟರ್ ಮರ್ಚ್. 'ದಿ ಇಂಗ್ಲಿಷ್ ಪೇಷಂಟ್' ಚಿತ್ರವನ್ನು ಆವಿಡ್‌ನಲ್ಲಿ ಕತ್ತರಿಸಿ ಆಸ್ಕರ್ ಗೆದ್ದವನು, ಕಂಪ್ಯೂಟರಿನಲ್ಲಿ ಸಂಕಲನಗೊಂಡ ಚಿತ್ರಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ರೊಮೇನಿಯಾದಲ್ಲಿ ಚಿತ್ರೀಕರಣಗೊಂಡ 'ಕೋಲ್ಡ್ ಮೌಂಟನ್' (2003) ಚಿತ್ರಕ್ಕೆ ಆತ ಫೈನಲ್ ಕಟ್ ಆರಿಸಿಕೊಂಡ. ಅವನ ಮುಂದಿದ್ದ ಚಿಂತೆ ಕತ್ತರಿಸುವುದರದ್ದಾಗಿರಲಿಲ್ಲ. ಕತ್ತರಿಸಿದ್ದನ್ನು ಧ್ವನಿ ವಿಭಾಗಕ್ಕೆ, ಲ್ಯಾಬಿಗೆ ದಾಟಿಸುವುದು ಹೇಗೆ ಎಂಬುದಾಗಿತ್ತು. ಆ ಚಿತ್ರದ ಸಂಕಲನ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು. 2011ರ ಫೆಬ್ರವರಿಯಲ್ಲಿ 'ದಿ ಸೋಷಿಯಲ್ ನೆಟ್‌ವರ್ಕ್' ಸಂಕಲನಕ್ಕೆ ಪ್ರಶಸ್ತಿಯೇ ಬಂತು. ಅದೂ ಫೈನಲ್ ಕಟ್‌ನಲ್ಲಿ ಆದ ಕೆಲಸ. ಹೊಸ ಆವೃತ್ತಿ ಬರಲು ಆಗ ನಾಲ್ಕೇ ತಿಂಗಳು ಬಾಕಿ.

ಗೆಲ್ಲುತ್ತಿದ್ದ ಕುದುರೆಯನ್ನು ಬದಲಿಸಿದ್ದು ಯಾಕೆ? ಒಳಗಿನ ಮೂಳೆ ಹಳತಾಗಿತ್ತು. ಹಳೆಯ ಫೈನಲ್ ಕಟ್ 32 ಬಿಟ್‌ನದ್ದು. ಯಂತ್ರಕ್ಕೆ ಎಷ್ಟೇ ಮೆಮೊರಿ ಹಾಕಿದರೂ 4 ಜಿಬಿಯ ಆಚೆ ಅದರ ಕೈ ಚಾಚುತ್ತಿರಲಿಲ್ಲ. ಅದು ನಿಂತಿದ್ದ ಕಾರ್ಬನ್ ಎಂಬ ಅಡಿಪಾಯಕ್ಕೆ 64 ಬಿಟ್‌ನ ಭವಿಷ್ಯವಿಲ್ಲ ಎಂದು ಆಪಲ್ 2007ರಲ್ಲೇ ತೀರ್ಮಾನಿಸಿಬಿಟ್ಟಿತ್ತು. ಹೇಗೂ ಬುಡದಿಂದ ಬರೆಯಲೇಬೇಕು ಎಂದಾದಾಗ ಉಬಿಲ್ಲೋಸ್ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಸಂಕಲನದ ಮೇಜನ್ನೇ ಹೊಸದಾಗಿ ಊಹಿಸಿತು. ಮುನ್ಸೂಚನೆ ಇರಲಿಲ್ಲ ಎನ್ನುವಂತಿಲ್ಲ. 2007ರ ಐಮೂವಿಯನ್ನು ಆತ ಹೀಗೆಯೇ ಕೆಡವಿ ಕಟ್ಟಿದ್ದ. ಮನೆಬಳಕೆಯವರು ಎಷ್ಟು ಗೊಣಗಿದರೆಂದರೆ ಆಪಲ್ ಹಳೆಯ ಐಮೂವಿಯನ್ನೂ ಉಚಿತವಾಗಿ ಕೊಡಬೇಕಾಯಿತು. ವೃತ್ತಿಪರರು ಅದನ್ನು ಮಕ್ಕಳಾಟ ಎಂದು ನೋಡಿ ನಕ್ಕು ಬಿಟ್ಟಿದ್ದರು.

ಸಂಕಲನದ ಭಾಷೆ ಪೂರ್ತಿ ಫಿಲ್ಮ್ ಕಾಲದ್ದು. ಮದರಾಸಿನ ಸ್ಟುಡಿಯೋಗಳಲ್ಲಿ ಕನ್ನಡ ಚಿತ್ರಗಳು ತಯಾರಾಗುತ್ತಿದ್ದ ದಿನಗಳಲ್ಲಿ ಮೂವಿಯೋಲಾದ ಪಕ್ಕ ಬಟ್ಟೆ ಹಾಸಿದ ತೊಟ್ಟಿಯೊಂದು ಇರುತ್ತಿತ್ತು; ಕತ್ತರಿಸಿದ ತುಂಡುಗಳು ಅದರ ಮೇಲಿನ ಮೊಳೆಗಳಿಗೆ ನೇತಾಡುತ್ತಿದ್ದವು. ಅದೇ 'ಬಿನ್'. ಕಂಪ್ಯೂಟರಿಗೆ ಬಂದಾಗ ತೊಟ್ಟಿ ಹೋಯಿತು, ಹೆಸರು ಉಳಿಯಿತು. ಚಿತ್ರಕ್ಕೊಂದು, ಮಾತಿಗೊಂದು, ಸಂಗೀತಕ್ಕೊಂದು ಪಟ್ಟಿ ಜೊತೆಜೊತೆಗೆ ಓಡುವ ಪದ್ಧತಿ 'ಟ್ರ್ಯಾಕ್' ಆಗಿ ಪರದೆಯ ಮೇಲೆ ಕೂತಿತು.

ಹೊಸ ಫೈನಲ್ ಕಟ್ ಇವೆರಡನ್ನೂ ತೆಗೆದುಹಾಕಿತು. ಬಿನ್‌ಗಳ ಬದಲು ಕೀವರ್ಡ್‌ಗಳು. ಟ್ರ್ಯಾಕುಗಳ ಬದಲು ಮ್ಯಾಗ್ನೆಟಿಕ್ ಟೈಮ್‌ಲೈನ್: ನಡುವೆ ಒಂದೇ ಮುಖ್ಯ ಕಥಾಸಾಲು, ಉಳಿದೆಲ್ಲ ತುಂಡುಗಳು ಅದಕ್ಕೆ ಅಂಟಿಕೊಂಡಿರುತ್ತವೆ. ಒಂದು ಶಾಟ್ ತೆಗೆದರೆ ಮಿಕ್ಕವು ತಾವಾಗಿ ಸರಿದು ಸಂದು ಮುಚ್ಚುತ್ತವೆ. ಅದರ ಜೊತೆಗಿದ್ದ ಸದ್ದು ಅದರೊಂದಿಗೇ ಹೋಗುತ್ತದೆ. ಒಂದರ ಮೇಲೊಂದು ಬೀಳುವಂತಾದರೆ ಒಂದು ಮೇಲಕ್ಕೋ ಕೆಳಕ್ಕೋ ಜರುಗಿ ದಾರಿ ಬಿಡುತ್ತದೆ. ಹಳೆಯ ವ್ಯವಸ್ಥೆಯಲ್ಲಿ ಒಂದು ಶಾಟ್ ಎಳೆದದ್ದೇ ತಡ ಹತ್ತು ನಿಮಿಷದಾಚೆಯ ಮಾತು ತುಟಿಗೆ ಹೊಂದದಂತಾಗಿ ರಾತ್ರಿಯೆಲ್ಲ ಹುಡುಕಿದವರಿಗೆ ಇದರ ಬೆಲೆ ಗೊತ್ತು. ಯೋಚನೆ ನಿಜಕ್ಕೂ ಜಾಣತನದ್ದು.

ಆದರೆ ಟ್ರ್ಯಾಕ್ ಎನ್ನುವುದು ಎಡಿಟರ್ ಒಬ್ಬನ ಅನುಕೂಲವಾಗಿರಲಿಲ್ಲ, ಅದು ಊರಿನ ಕಟ್ಟಳೆಯ ಹಾಗೆ. ಮೊದಲ ಕೆಲವು ಟ್ರ್ಯಾಕ್‌ಗಳಲ್ಲಿ ಮಾತು, ಆಮೇಲಿನವುಗಳಲ್ಲಿ ಪರಿಸರದ ಸದ್ದು, ಕೊನೆಯಲ್ಲಿ ಸಂಗೀತ ಎಂದು ಕೋಣೆಗೆ ಕೋಣೆ ಒಪ್ಪಂದವಿರುತ್ತದೆ. ಓಎಂಎಫ್ ಎಂಬ ಕಡತದಲ್ಲಿ ಅದೇ ಕ್ರಮ ಧ್ವನಿ ವಿಭಾಗಕ್ಕೆ ಹೋಗುತ್ತದೆ. ಯಾವ ಸಾಲಿನಲ್ಲಿ ಏನಿದೆ ಎಂದು ಅಲ್ಲಿರುವವರು ಕೇಳಬೇಕಾಗಿಲ್ಲ. ಒಂದು ಭಾಷೆಯ ಚಿತ್ರ ಇನ್ನೊಂದಕ್ಕೆ ಡಬ್ ಆಗಬೇಕೆಂದರೆ ಮಾತನ್ನು ಬಿಡಿಸಿ ಸಂಗೀತ, ಸದ್ದುಗಳನ್ನಷ್ಟೇ ಕೊಡಬೇಕು. ಟ್ರ್ಯಾಕ್ ಶಿಸ್ತಿದ್ದರೆ ಅದು ಎರಡು ಗುಂಡಿ ಒತ್ತುವ ಕೆಲಸ. ಹೊಸ ಟೈಮ್‌ಲೈನಿನಲ್ಲಿ ಸದ್ದಿನ ತುಂಡುಗಳು ಜಾಗ ಸಿಕ್ಕಲ್ಲಿ ಮೇಲೆ ಕೆಳಗೆ ಕೂರುತ್ತಿದ್ದವು. ಓಎಂಎಫ್ ಕಳಿಸುವ ದಾರಿಯೂ ಇರಲಿಲ್ಲ.

ಇಲ್ಲದ್ದು ಅದೊಂದೇ ಅಲ್ಲ. ಹಲವು ಕ್ಯಾಮೆರಾಗಳ ಶಾಟುಗಳನ್ನು ಒಟ್ಟಿಗಿಟ್ಟು ಕತ್ತರಿಸುವ ಮಲ್ಟಿಕ್ಯಾಮ್ ಇಲ್ಲ. ಎಕ್ಸ್‌ಎಂಎಲ್ ಇಲ್ಲ, ಇಡಿಎಲ್ ಇಲ್ಲ. ಟೇಪಿಗೆ ಬರೆಯುವ ಸರಿಯಾದ ಅನುಕೂಲ ಇಲ್ಲ, ಪ್ರಸಾರದ ಮಾನಿಟರಿಗೆ ಚಿತ್ರ ಹೋಗದು. ಎಲ್ಲಕ್ಕಿಂತ ಕೆಟ್ಟದ್ದು, ಹಳೆಯ ಫೈನಲ್ ಕಟ್‌ನ ಒಂದು ಪ್ರಾಜೆಕ್ಟನ್ನೂ ಅದು ತೆರೆಯುತ್ತಿರಲಿಲ್ಲ. ಹತ್ತು ವರ್ಷದ ದುಡಿಮೆಯನ್ನು ಹಾರ್ಡ್ ಡಿಸ್ಕುಗಳಲ್ಲಿ ಪೇರಿಸಿಟ್ಟವರಿಗೆ ಇದು ಮನೆಯ ಬೀಗವನ್ನು ಹೊರಗಿನಿಂದ ಬದಲಿಸಿದಂತೆ.

ಅದೇ ದಿನ ಆಪಲ್ ಹಳೆಯದರ ಮಾರಾಟವನ್ನು ನಿಲ್ಲಿಸಿತು. ಬಣ್ಣ ತಿದ್ದುವ 'ಕಲರ್', ಧ್ವನಿಗಾಗಿ ಇದ್ದ 'ಸೌಂಡ್‌ಟ್ರ್ಯಾಕ್ ಪ್ರೊ' ಕೂಡ ಅದರೊಂದಿಗೆ ಹೋದವು. ಬಹುಶಃ ಇದೇ ನಿಜವಾದ ತಪ್ಪು. ಅರ್ಧಂಬರ್ಧ ಸಿದ್ಧವಾದ ಸಾಫ್ಟ್‌ವೇರನ್ನು ಜನ ಸಹಿಸುತ್ತಾರೆ, ಹಳೆಯದು ಪಕ್ಕದಲ್ಲಿದ್ದರೆ. ನಡುವೆ ನಿಂತ ಧಾರಾವಾಹಿಗೆ ಇನ್ನೊಂದು ಯಂತ್ರ ಸೇರಿಸಬೇಕಾದ ಸ್ಟುಡಿಯೋಗೆ ಕೊಳ್ಳಲು ಪ್ರತಿಯೇ ಇರಲಿಲ್ಲ. (ಕೊಳ್ಳದೆಯೇ ಬಳಸುವ ಅಭ್ಯಾಸವಿದ್ದವರಿಗೆ ಈ ಕಷ್ಟ ತಟ್ಟಲಿಲ್ಲ; ಅಂಥವರು ನಮ್ಮ ದೇಶದಲ್ಲಿ ಕಡಿಮೆಯಿರಲಿಲ್ಲ.)

ಅಮೆರಿಕದ ಕೋನನ್ ಓಬ್ರಿಯನ್ ತನ್ನ ರಾತ್ರಿ ಕಾರ್ಯಕ್ರಮದಲ್ಲಿ ತನ್ನದೇ ಎಡಿಟರುಗಳನ್ನು ಕೂರಿಸಿ ಹೊಸ ಸಾಫ್ಟ್‌ವೇರನ್ನು ಹೊಗಳಿಸಿದ. ಅವರು ಹೊಗಳುತ್ತಿರುವಾಗ ಆ ವಿಡಿಯೋವೇ ಹದಗೆಟ್ಟು ಚಿಂದಿಯಾಗುತ್ತ ಹೋಗುತ್ತದೆ. ಎಡಿಟಿಂಗ್ ಸಾಫ್ಟ್‌ವೇರ್ ಒಂದು ಟೀವಿ ಹಾಸ್ಯಕ್ಕೆ ವಸ್ತುವಾದದ್ದು ಅಪರೂಪ. ಅಡೋಬಿ ಈ ಹೊತ್ತಿಗೆ ಸರಿಯಾಗಿ ಬಂದು, ಫೈನಲ್ ಕಟ್ ಬಿಟ್ಟು ಬರುವವರಿಗೆ ಅರ್ಧ ಬೆಲೆ ಎಂದಿತು. ಆವಿಡ್ ಕೂಡ ರಿಯಾಯಿತಿ ಹಿಡಿದು ನಿಂತಿತು.

ಆಪಲ್ ಕ್ಷಮೆ ಕೇಳುವ ಪೈಕಿಯಲ್ಲ. ಪ್ರಶ್ನೋತ್ತರದ ಒಂದು ಪುಟ ಪ್ರಕಟಿಸಿತು, ಕೇಳಿದ ಕೆಲವರಿಗೆ ಹಣ ಮರಳಿಸಿತು, ಹಳೆಯ ಆವೃತ್ತಿಯನ್ನು ಆ ವರ್ಷವೇ ಸ್ವಲ್ಪ ಕಾಲದ ನಂತರ ಫೋನ್ ಮಾಡಿದವರಿಗೆ ಮಾರಿತು. ಬಿಟ್ಟ ಜಾಗಗಳನ್ನೂ ತುಂಬುತ್ತ ಬಂತು. 2011ರ ಸೆಪ್ಟೆಂಬರಿನಲ್ಲಿ ಎಕ್ಸ್‌ಎಂಎಲ್, ಅದರ ಜೊತೆಗೇ 'ರೋಲ್ಸ್'. ಈ ರೋಲ್ಸ್ ಟ್ರ್ಯಾಕ್ ಸಮಸ್ಯೆಗೆ ಸಿಕ್ಕ ಸೊಗಸಾದ ಉತ್ತರ: ಸದ್ದು ಎಲ್ಲಿ ಕೂತಿದೆ ಎಂಬುದು ಮುಖ್ಯವಲ್ಲ, ಅದರ ಹಣೆಪಟ್ಟಿಯಲ್ಲಿ 'ಮಾತು' ಎಂದಿದೆಯೋ 'ಸಂಗೀತ' ಎಂದಿದೆಯೋ ನೋಡಿ ಬೇರ್ಪಡಿಸಿದರಾಯಿತು. 2012ರ ಜನವರಿಯಲ್ಲಿ ಮಲ್ಟಿಕ್ಯಾಮ್ ಬಂತು. ಹಳೆಯ ಪ್ರಾಜೆಕ್ಟುಗಳನ್ನು ಹೊಸದಕ್ಕೆ ತರುವ ಸಾಧನವನ್ನು ಹೊರಗಿನ ಒಂದು ಪುಟ್ಟ ಕಂಪನಿ ಮಾಡಿಕೊಟ್ಟಿತು. 2015ರಲ್ಲಿ ವಿಲ್ ಸ್ಮಿತ್ ನಟಿಸಿದ 'ಫೋಕಸ್' ಇದರಲ್ಲೇ ಸಂಕಲನಗೊಂಡು ತೆರೆಗೆ ಬಂತು. ಉಬಿಲ್ಲೋಸ್ ಅದೇ ವರ್ಷ ಆಪಲ್ ಬಿಟ್ಟ.

ಹೋದವರು ಮಾತ್ರ ತಿರುಗಿ ಬರಲಿಲ್ಲ. 'ಸೋಷಿಯಲ್ ನೆಟ್‌ವರ್ಕ್'ನ ಸಂಕಲನಕಾರರಲ್ಲಿ ಒಬ್ಬನಾದ ಕರ್ಕ್ ಬ್ಯಾಕ್ಸ್‌ಟರ್ 2014ರ 'ಗಾನ್ ಗರ್ಲ್' ಹೊತ್ತಿಗೆ ಪ್ರೀಮಿಯರ್‌ಗೆ ದಾಟಿದ್ದ, ಅಂದರೆ ಉಬಿಲ್ಲೋಸ್ ಮೊದಲು ಕಟ್ಟಿದ ಮನೆಗೆ. ಮ್ಯಾಗ್ನೆಟಿಕ್ ಟೈಮ್‌ಲೈನಿಗೆ ಹೊಸ ಒಕ್ಕಲು ಬಂದದ್ದು ಬೇರೆ ಕಡೆಯಿಂದ: ಟ್ರ್ಯಾಕನ್ನೇ ಕಂಡಿರದ ಯೂಟ್ಯೂಬ್ ಹುಡುಗರು, ಒಬ್ಬರೇ ಚಿತ್ರೀಕರಿಸಿ ಒಬ್ಬರೇ ಕತ್ತರಿಸುವ ವರದಿಗಾರರು. ಅವರು ಮರೆಯಬೇಕಾದ್ದು ಏನೂ ಇರಲಿಲ್ಲ. 2020ರಲ್ಲಿ ಹೆಸರಿನಿಂದ 'ಎಕ್ಸ್' ಕೂಡ ಉದುರಿತು.

ಎಲ್ಲಿಗೂ ಹೋಗದೆ ಹಳೆಯದರಲ್ಲೇ ಉಳಿದವರೂ ಇದ್ದರು. 2017ರ ಹೈ ಸಿಯೆರಾದಲ್ಲಿ ಫೈನಲ್ ಕಟ್ 7 ತೆರೆಯುವುದೇ ಇಲ್ಲ ಎಂದು ಆಪಲ್ ತಿಳಿಸಿದಾಗ ಅವರು ತಮ್ಮ ಮ್ಯಾಕ್‌ಗಳನ್ನು ಅಪ್‌ಡೇಟ್ ಮಾಡದೆ ಹಾಗೆಯೇ ಇಟ್ಟುಕೊಂಡರು. ಕೊರಿಯಾದ ಯಾಂಗ್ ಜಿನ್ಮೊ ಅಂಥವರಲ್ಲೊಬ್ಬ. 2009ರಲ್ಲಿ ಬಂದು 2011ರಲ್ಲಿ ಅಂಗಡಿಯಿಂದ ಮರೆಯಾದ ಆ ಆವೃತ್ತಿಯಲ್ಲೇ ಆತ 2019ರ ಒಂದು ಚಿತ್ರವನ್ನು ಕತ್ತರಿಸಿದ. ಆ ಸಂಕಲನ ಆಸ್ಕರ್ ನಾಮನಿರ್ದೇಶನ ಪಡೆಯಿತು. ಚಿತ್ರ ಆ ವರ್ಷದ ಅತ್ಯುತ್ತಮ ಚಿತ್ರವೆನಿಸಿತು. ಅದರ ಹೆಸರು 'ಪ್ಯಾರಾಸೈಟ್'.