ಹಳೆಯ ಬ್ರಾಂದಿಯ ಬೆಲೆ

ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮಂಜು, ಚಳಿಯ ಮಾತು ಬಂದಾಗ ನಮ್ಮ ಗುಂಡ್ಲುಪೇಟೆ ಸೀಮೆಯ ಹಿರಿಯರು ಬ್ರಾಂದಿಯನ್ನು ಶೀತಕ್ಕೆ ಮದ್ದೆಂದೇ ಹೇಳುತ್ತಿದ್ದುದನ್ನು ಕೇಳಿದ್ದೇನೆ. ಅದನ್ನು ಕುಡಿಯದೆ ಸಂಗ್ರಹಿಸಲೆಂದೇ ಕೊಳ್ಳುವವರೂ ಜಗತ್ತಿನಲ್ಲಿದ್ದಾರೆ.

ಫ್ರಾನ್ಸಿನ ಕೊನ್ಯಾಕ್ ಎಂಬ ಊರಿನ ಸುತ್ತ ತಯಾರಾಗುವ ಬ್ರಾಂದಿಗೆ ಆ ಊರಿನದೇ ಹೆಸರು. 2020ರ ಮೇ ತಿಂಗಳಲ್ಲಿ ಸೋದಬೀಸ್ ಸಂಸ್ಥೆಯ ಹರಾಜಿನಲ್ಲಿ 1762ರ ಗೋತಿಯೇ ಕೊನ್ಯಾಕ್‌ನ ಒಂದೇ ಸೀಸೆ 1,18,580 ಪೌಂಡಿಗೆ ಮಾರಾಟವಾಯಿತು. ಹೈದರಾಲಿ ಮೈಸೂರಿನ ಅಧಿಕಾರ ಹಿಡಿದದ್ದು 1761ರಲ್ಲಿ ಎಂದು ತರಗತಿಯಲ್ಲಿ ಹೇಳಿದ್ದು ನಿಮಗೆ ನೆನಪಿರಬಹುದು. ಅದರ ಮರುವರ್ಷದ ಬ್ರಾಂದಿಯಿದು!

ಇಷ್ಟೊಂದು ಬೆಲೆ ಏಕೆ? 1870ರ ದಶಕದಲ್ಲಿ, ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಪುಟ್ಟ ಕೀಟವು ಬೇರಿನ ರಸ ಹೀರಿ ಆ ಸೀಮೆಯ ದ್ರಾಕ್ಷಿತೋಟಗಳನ್ನು ಹಾಳುಗೆಡವಿತು. ಕೊನೆಗೆ ಅಮೆರಿಕದ ಬೇರಿಗೇ ಕಸಿಕಟ್ಟಿ ಬಳ್ಳಿಗಳನ್ನು ಉಳಿಸಿಕೊಂಡರು. ಆದ್ದರಿಂದಲೇ ಅದಕ್ಕೂ ಮುಂಚಿನ, ಸ್ವಂತ ಬೇರಿನ ಬಳ್ಳಿಗಳ ಬ್ರಾಂದಿಗೆ ಸಂಗ್ರಾಹಕರಲ್ಲಿ ಅಷ್ಟು ಬೇಡಿಕೆ.

ಆದರೆ ಬ್ರಾಂದಿ ಮಾಗುವುದು ಓಕ್ ಮರದ ಪೀಪಾಯಿಯಲ್ಲಿ ಮಾತ್ರ. ಸೀಸೆಗೆ ಇಳಿದ ದಿನವೇ ಆ ಮಾಗುವಿಕೆ ನಿಲ್ಲುತ್ತದೆ. ಸೀಸೆಯಲ್ಲಿ ನೂರು ವರ್ಷ ಕಳೆದರೆ ಅಪರೂಪದ್ದಾದೀತೇ ಹೊರತು ಇನ್ನಷ್ಟು ಉತ್ತಮವಾಗದು. ವಯಸ್ಸಾಗುವುದೇ ಬೇರೆ, ಮಾಗುವುದೇ ಬೇರೆ. ಈ ಮಾತು ನಮಗೂ ಅನ್ವಯಿಸುತ್ತದಲ್ಲವೇ?