ಅಕ್ರಿಲಿಕ್ಕು ಮತ್ತು ಅದರ ದಾಯಾದಿ

ಬಾಗಿಲ ಪಕ್ಕದ ನೇಮ್‌ಬೋರ್ಡು, ಆಫೀಸಿನಲ್ಲಿ ಕೊಟ್ಟ ಟ್ರೋಫಿ, ಮೇಜಿನ ಮೇಲಿನ ಮೊಬೈಲ್ ಸ್ಟ್ಯಾಂಡು: ನಮ್ಮ ಸುತ್ತ ಅಕ್ರಿಲಿಕ್ ಇಲ್ಲದ ಜಾಗವೇ ಇಲ್ಲ. ಅದು ಮುರಿದರೆ ನಾವು ಮೊದಲು ಹುಡುಕೋದು ಸೂಪರ್‌ಗ್ಲೂ. ತಮಾಷೆ ಏನಂದ್ರೆ, ಇವೆರಡೂ ಒಂದೇ ಮನೆತನದವು. ಆದರೆ ದಾಯಾದಿಗಳ ಹಾಗೆ ಒಂದಕ್ಕೊಂದು ಆಗಿಬರೋದಿಲ್ಲ.

ಅಕ್ರಿಲಿಕ್ ಹಾಳೆ 1930ರ ದಶಕದ ಕೂಸು. ಜರ್ಮನಿಯಲ್ಲಿ ಓಟ್ಟೊ ರೋಮ್ ಅವರ ಕಂಪನಿ 1933ರಲ್ಲಿ ಪ್ಲೆಕ್ಸಿಗ್ಲಾಸ್ ಎಂಬ ಹೆಸರನ್ನು ನೋಂದಾಯಿಸಿತು. ಇಂಗ್ಲೆಂಡಿನ ಐಸಿಐ ಕಂಪನಿ ಪರ್ಸ್ಪೆಕ್ಸ್ ತಂತು. ಯುದ್ಧ ಶುರುವಾದಾಗ ಸ್ಪಿಟ್‌ಫೈರ್ ವಿಮಾನದ ಪೈಲಟ್‌ನ ತಲೆ ಮೇಲೆ ಇದ್ದದ್ದು ಇದೇ ಪರ್ಸ್ಪೆಕ್ಸ್.

ಅದೇ ಯುದ್ಧಕಾಲ, 1942. ಅಮೆರಿಕದ ಈಸ್ಟ್‌ಮನ್ ಕೊಡ್ಯಾಕ್‌ನಲ್ಲಿ ಹ್ಯಾರಿ ಕೂವರ್ ಬಂದೂಕಿನ ಗುರಿದರ್ಶಕಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದರು. ಸಿಕ್ಕಿದ್ದು ಸಯನೊಅಕ್ರಿಲೇಟ್. ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ಳುವ ಆ ರಗಳೆಯನ್ನು ಪಕ್ಕಕ್ಕಿಟ್ಟರು. 1951ರಲ್ಲಿ ಜೆಟ್ ವಿಮಾನದ ಮೇಲ್ಹೊದಿಕೆಗೆ ಬಿಸಿ ತಡೆಯುವ ಅಕ್ರಿಲೇಟ್ ಹುಡುಕುವಾಗ, ಸಹೋದ್ಯೋಗಿ ಫ್ರೆಡ್ ಜಾಯ್ನರ್ ಅದನ್ನು ರಿಫ್ರ್ಯಾಕ್ಟೋಮೀಟರಿನ ಎರಡು ಪ್ರಿಸಂಗಳ ನಡುವೆ ಹಾಕಿದರು. ಪ್ರಿಸಂಗಳು ಬಿಡಲೇ ಇಲ್ಲ! ಆಗ ಕೂವರ್‌ಗೆ ಹೊಳೀತು, ಇದು ಅಂಟು ಅಂತ. 1958ರಲ್ಲಿ ಅದು ‘ಈಸ್ಟ್‌ಮನ್ 910’ ಆಗಿ ಮಾರುಕಟ್ಟೆಗೆ ಬಂತು.

ಹೀಗೆ ಪಾರದರ್ಶಕ ಪ್ಲಾಸ್ಟಿಕ್ಕಿನ ಹುಡುಕಾಟದಲ್ಲೇ ಹುಟ್ಟಿದ ಅಂಟು, ಪಾರದರ್ಶಕ ಅಕ್ರಿಲಿಕ್ ಬೆಸುಗೆಗೆ ಮಾತ್ರ ಸರಿಯಿಲ್ಲ. ಗಟ್ಟಿಯಾಗುವಾಗ ಅದರ ಆವಿ ಅಕ್ಕಪಕ್ಕದಲ್ಲಿ ಕೂತು ಬಿಳಿ ಮಂಜು ಕಟ್ಟುತ್ತೆ. ಹಾಳೆಯಲ್ಲಿ ಒತ್ತಡ ಉಳಿದಿದ್ದರೆ ಕೂದಲೆಳೆಯಂಥ ಬಿರುಕುಗಳೂ ಏಳಬಹುದು.

ಹಾಗಾದರೆ ಯಾವುದು ಸರಿ? ನಮ್ಮೂರಲ್ಲಿ ಮಣ್ಣಿನ ಗೋಡೆ ಬಿರುಕು ಬಿಟ್ಟರೆ ಅಜ್ಜಿ ಅದೇ ಮಣ್ಣು ಕಲಸಿ ಮೆತ್ತೋರು. ಇಲ್ಲೂ ಲೆಕ್ಕ ಅದೇ. ಡೈಕ್ಲೋರೋಮೀಥೇನ್‌ನಂಥ ನೀರಾದ ದ್ರಾವಕವನ್ನು ಸಿರಿಂಜಿನಿಂದ ಅಂಚಿಗೆ ಬಿಟ್ಟರೆ, ಅದು ತಾನಾಗೇ ಸಂದಿಯೊಳಗೆ ಹರಿದು ಎರಡೂ ಮೈಯನ್ನು ತುಸು ಕರಗಿಸುತ್ತೆ. ದ್ರಾವಕ ಆರಿದ ಮೇಲೆ ಉಳಿಯೋದು ಬರೀ ಅಕ್ರಿಲಿಕ್. ನಡುವೆ ಗಾಳಿ ಇಲ್ಲ, ಬೇರೆ ವಸ್ತು ಇಲ್ಲ. ಅದಕ್ಕೇ ಬೆಸುಗೆ ಕಾಣಿಸೋದಿಲ್ಲ. ಆದರೆ ಅಂಚುಗಳು ನೇರವಾಗಿ ಕೂತಿರಬೇಕು, ದ್ರಾವಕಕ್ಕೆ ಸಂದು ತುಂಬೋಕೆ ಬರಲ್ಲ. ಸಂದು ಇದ್ದರೆ ಅಕ್ರಿಲಿಕ್ಕಿನ ಮೂಲ ದ್ರವವೇ ಇರುವ, ಎರಡು ಭಾಗ ಕಲಸಿ ಹಾಕುವ ಅಂಟು ಬೇಕು. ಅದು ಒಳಗೇ ಅಕ್ರಿಲಿಕ್ ಆಗಿ ಗಟ್ಟಿಯಾಗುತ್ತೆ.

ಇದಕ್ಕೂ ಒಂದು ಬೆಲೆ ಇದೆ. ಡೈಕ್ಲೋರೋಮೀಥೇನಿನ ಬಹುಪಾಲು ಬಳಕೆಗಳನ್ನು ಅಮೆರಿಕ 2024ರಲ್ಲಿ ನಿಷೇಧಿಸಿತು. ಮುಚ್ಚಿದ ಕೋಣೆಯಲ್ಲಿ ಅದರ ಆವಿ ಕುಡಿದು ಕೆಲಸಗಾರರು ಸತ್ತಿದ್ದಾರೆ. ನಮ್ಮಲ್ಲಿ ಅಕ್ರಿಲಿಕ್ ಅಕ್ಷರ ಅಂಟಿಸುವ ಹುಡುಗರು ಹೆಚ್ಚಾಗಿ ಬಳಸೋದು ಕ್ಲೋರೋಫಾರ್ಮು. ಅದೂ ಯಕೃತ್ತಿಗೆ ವಿಷ. ಮನೆಯಲ್ಲಿ ಮಾಡ್ತೀರಾ? ಎಸಿ ಆಫ್ ಮಾಡಿ, ಕಿಟಕಿ ತೆಗೀರಿ, ಇಲ್ಲಾಂದ್ರೆ ಬಾಲ್ಕನಿಗೆ ಹೋಗಿ. ಅಂಗಡಿಯಲ್ಲಿ ಮಾಡಿಸ್ತೀರಾ? ರೇಟು ಚೌಕಾಸಿ ಮಾಡೋ ಮೊದಲು, ಒಳಗೆ ಕೂತ ಹುಡುಗನ ಹತ್ತಿರ ಗಾಳಿ ಆಡುತ್ತಾ ಅಂತ ಒಮ್ಮೆ ಕೇಳಿ.