ಕರೆಯೂ ಅಪ್ಪಣೆಯೂ

ಕ್ರೈಸ್ತಸಭೆಯಲ್ಲಿ ಉಪದೇಶಮಾಡುವ ಅಧಿಕಾರವು ದೇವರ ಕರೆಯಿಂದ ಬರುವುದೋ, ಅರಸರ ಅಪ್ಪಣೆಯಿಂದಲೋ? 1660ರಲ್ಲಿ ಇಂಗ್ಲೆಂಡಿನ ಬೆಡ್‌ಫರ್ಡ್ ಸೀಮೆಯಲ್ಲಿ ಜಾನ್ ಬನಿಯನ್ನನು ಸೆರೆಸಿಕ್ಕಾಗ ಎದ್ದ ಪ್ರಶ್ನೆಯಿದು. ಒಡಕು ಪಾತ್ರೆಗಳನ್ನು ಸರಿಪಡಿಸಿ ಜೀವಿಸುತ್ತಿದ್ದ ಅವನಿಗೆ ವಿದ್ಯಾಪೀಠದ ಪದವಿಯಾಗಲಿ ಬಿಷಪ್ಪರ ದೀಕ್ಷೆಯಾಗಲಿ ಇರಲಿಲ್ಲ. ಸಭೆಯವರೇ ಅವನಲ್ಲಿ ವರವನ್ನು ಕಂಡು ಉಪದೇಶಿಸೆಂದು ಬೇಡಿದ್ದರು. ಕರೆಯು ಹೀಗೆ ಪರರ ಬಾಯಿಂದ ಬಂದುದನ್ನು ನಾವು ಮುಖ್ಯವೆಂದೆಣಿಸುತ್ತೇವೆ.

ಇನ್ನು ಉಪದೇಶಿಸೆನೆಂದು ಮಾತುಕೊಟ್ಟಿದ್ದರೆ ಬಿಡುಗಡೆಯಿತ್ತು. ಮನೆಯಲ್ಲಿ ನಾಲ್ವರು ಮಕ್ಕಳು. ಹಿರಿಯಳಾದ ಮೇರಿಗೆ ಹುಟ್ಟಿನಿಂದಲೇ ದೃಷ್ಟಿಯಿಲ್ಲ. 1661ರಲ್ಲಿ ಪತ್ನಿ ಎಲಿಜಬೆತ್ತಳು ನ್ಯಾಯಾಧೀಶರ ಮುಂದೆ ನಿಂತು ಮೊರೆಯಿಟ್ಟಳು, ಫಲಿಸಲಿಲ್ಲ. ಅವನೂ ಮಾತುಕೊಡಲಿಲ್ಲ. ಆ ಮಕ್ಕಳ ಹಸಿವಿಗೆ ಹೊಣೆ ಯಾರೆಂದು ಕೇಳುವವರನ್ನು ನಾವು ಅಲ್ಲಗಳೆಯಲಾರೆವು. ಸೆರೆಯಲ್ಲಿ ಲಾಡಿಗಳನ್ನು ಮಾಡಿ, ಅದರ ಕಾಸಿನಿಂದ ಸಂಸಾರವನ್ನು ನಡೆಸಿದನು. 1672ರಲ್ಲಿ ಬಾಗಿಲು ತೆರೆಯಿತು. ಅಷ್ಟರೊಳಗೆ ಸಭೆಯು ಅವನನ್ನೇ ಪಾಲಕನನ್ನಾಗಿ ಆರಿಸಿತ್ತು.